ಎರಡು ಗಂಟೆಯ ಪರೀಕ್ಷೆ

ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಗಳು ಎರಡು. ಒಂದರಲ್ಲಿ ಗುಬ್ಬಿ, ಪಕ್ಕದ್ದರಲ್ಲಿ ಎಲ್ಲರೂ ಅಕ್ಕ ಅನ್ನುವ ಹಿರಿಯಳು. ಕುರ್ಚಿಯಲ್ಲಿ ಕೂತರೆ ಹೊರಗಿನವರಿಗೆ ತಲೆಯಷ್ಟೇ ಕಾಣುವ ಹುಡುಗಿಗೆ ಗುಬ್ಬಿ ಅಂತ ಹೆಸರಿಟ್ಟವಳೂ ಅಕ್ಕನೇ.

ಮದುವೆಯಾಗಿ ಆರು ವರ್ಷವಾದರೂ ಗುಬ್ಬಿಯ ಮಡಿಲು ತುಂಬಿರಲಿಲ್ಲ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಮುಟ್ಟಾದ ಮೂರನೇ ದಿನದಿಂದ ಐದು ದಿನ ನುಂಗಬೇಕು. ನುಂಗಿದರೆ ಮೈಯೆಲ್ಲ ಧಗಧಗ, ತಲೆ ಸಿಡಿತ. ಆಮೇಲೆ ಅಂಡ ಬಿಡುಗಡೆಯಾಗುವ ಹೊತ್ತು ಹಿಡಿಯಲು ದಿನಾ ಮೂತ್ರದಲ್ಲಿ ಪಟ್ಟಿ ಅದ್ದಿ ನೋಡಬೇಕು. ಎರಡನೇ ಗೆರೆ ಮೊದಲನೆಯದರಷ್ಟೇ ಗಾಢವಾದರೆ ಸಮಯ ಬಂತೆಂದು ಅರ್ಥ. ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಯೇನೋ ಹೌದು, ಆದರೆ ಮಧ್ಯಾಹ್ನ ಎರಡಕ್ಕೆ ಮಾಡಿ ಅಂದಿದ್ದರು. ಆ ಹೊತ್ತಿಗೆ ಗುಬ್ಬಿ ಮನೆಯಲ್ಲೆಲ್ಲಿರುತ್ತಾಳೆ?

ಅಕ್ಕನ ಕಿವಿಯಲ್ಲಿ ಮಾತ್ರ ಹೇಳಿಕೊಂಡಳು. ಎರಡೂ ಕಿಟಕಿ ನಾನೇ ನೋಡಿಕೊಳ್ಳುತ್ತೇನೆ, ನಿಲ್ದಾಣದ ಶೌಚಾಲಯಕ್ಕೆ ನಿಶ್ಚಿಂತೆಯಿಂದ ಹೋಗಿಬಾ ಅಂದಳು ಅಕ್ಕ. ನಾಲ್ಕು ತಿಂಗಳು ಹಾಗೇ ನಡೆಯಿತು. ಗೆರೆ ತೆಳುವಾಗಿದ್ದ ದಿನ ಗುಬ್ಬಿ ಸಪ್ಪೆ ಮುಖ ಹೊತ್ತು ಬಂದರೆ ಅಕ್ಕ ಬೆನ್ನು ಸವರುತ್ತಿದ್ದಳು.

ಅಷ್ಟರಲ್ಲಿ ಮೇಲ್ವಿಚಾರಕರ ಜಾಗ ಖಾಲಿಯಾಯಿತು. ಇಲಾಖೆಯ ಪರೀಕ್ಷೆಯಲ್ಲಿ ಗುಬ್ಬಿಯೇ ಮುಂದು. ಕೆಲಸ ಸಿಕ್ಕಿದ್ದು ಅಕ್ಕನಿಗೆ. ಮ್ಯಾನೇಜರು ಗುಬ್ಬಿಯನ್ನು ಕರೆದು ಸಮಾಧಾನ ಹೇಳಿದರು.

"ಬೇಜಾರು ಮಾಡ್ಕೋಬೇಡಮ್ಮ. ಮಾತ್ರೆ ತಗೋತಿದ್ದೀಯ, ದಿನಾ ಎರಡು ಗಂಟೆಗೆ ಅದೇನೋ ಪರೀಕ್ಷೆ. ನಾಳೆ ಮಗು ಆದ್ರೆ ರಜೆ ಬೇರೆ. ಮೊದಲು ಅದು ಆಗ್ಲಿ."

ಎರಡು ಗಂಟೆಯ ವಿಷಯ ಆ ಆಫೀಸಿನಲ್ಲಿ ಒಬ್ಬಳಿಗೇ ಗೊತ್ತಿತ್ತು.

ಗುಬ್ಬಿ ಸೀದಾ ಹೋಗಿ ಅಕ್ಕನನ್ನು ಕೇಳಿದಳು. ಅಕ್ಕ ಚಿಲ್ಲರೆ ಎಣಿಸುತ್ತಲೇ, ತಿರುಗದೆ ಹೇಳಿದಳು: "ಸುಳ್ಳೇನೂ ಹೇಳಿಲ್ವಲ್ಲ. ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ನನ್ನ ಒಳ್ಳೇದಕ್ಕಾಗಿದ್ರೆ ಮೊದ್ಲು ನಂಗೆ ಹೇಳಿ ಆಮೇಲೆ ಅವರಿಗೆ ಹೇಳ್ತಿದ್ದೆ ನೀನು, ಅಕ್ಕ."

ಮರುದಿನ ಎರಡಕ್ಕೆ ಗುಬ್ಬಿ ತನ್ನ ಕಿಟಕಿ ಮುಚ್ಚಿಯೇ ಹೋದಳು. ಸಾಲಿನಲ್ಲಿದ್ದವರು ಗೊಣಗಿದರು. ಐದು ನಿಮಿಷಕ್ಕೆ ಎರಡನೇ ಗೆರೆ ಎಂದೂ ಕಾಣದಷ್ಟು ಗಾಢವಾಗಿ ಮೂಡಿತು. ಅಭ್ಯಾಸಬಲದಿಂದ ಅಕ್ಕನ ಕಡೆಗೆ ಓಡಲು ಹೊರಟವಳು ಬಾಗಿಲಲ್ಲೇ ನಿಂತಳು. ಗಂಡನಿಗೆ ಫೋನ್ ಮಾಡಿ ಬೇಗ ಬನ್ನಿ ಅಂದಳು. ಅವನು ಖುಷಿಪಟ್ಟ, ಅವಳಿಗೆ ಅಳು ಬಂತು.

ಆ ತಿಂಗಳೂ ಮುಟ್ಟಾಯಿತು. ಬೇರೆ ನಿಲ್ದಾಣಕ್ಕೆ ವರ್ಗ ಕೇಳಿ ಅರ್ಜಿ ಬರೆದಳು. ಅದಕ್ಕೆ ಮೇಲ್ವಿಚಾರಕಿಯ ಸಹಿ ಬೇಕಿತ್ತು. ಅಕ್ಕ ಸಹಿ ಹಾಕಿ, ತಗ್ಗಿದ ದನಿಯಲ್ಲಿ, "ಮಾತ್ರೆ ಮಾತ್ರ ಬಿಡಬೇಡ" ಅಂದಳು.

ಗುಬ್ಬಿ ಕಾಗದ ತೆಗೆದುಕೊಂಡು ಹೊರಟಳು.