ಪ್ರಮೀಳಾ ಕೆಡಿಸಿದ ದೋಣಿಗಟ್ಟೆ

ನ್ಯಾಮತಿಯ ಮಕ್ಕಳು ವಿಜ್ಞಾನದಲ್ಲಿ ಬಹಳ ಮುಂದು ಎಂಬ ಹೆಸರು ಸುತ್ತಲಿನ ಶಾಲೆಗಳಲ್ಲೆಲ್ಲ ಇತ್ತು. ವಸ್ತುಪ್ರದರ್ಶನ ಎಲ್ಲಿ ನಡೆದರೂ ಬಹುಮಾನ ಆ ಊರಿಗೇ. ಜ್ವಾಲಾಮುಖಿ, ಹೃದಯ, ಅಣೆಕಟ್ಟು, ಮಳೆನೀರು ಕೊಯ್ಲು ಎಲ್ಲವೂ ಅಚ್ಚುಕಟ್ಟು. ಆ ವಿಜ್ಞಾನವಷ್ಟೂ ತಯಾರಾಗುತ್ತಿದ್ದದ್ದು ಗೊಬ್ಬರದ ಅಂಗಡಿ ಮಲ್ಲೇಶಪ್ಪನ ಮನೆಯ ಪಡಸಾಲೆಯಲ್ಲಿ, ಅವನ ಹೆಂಡತಿ ಪ್ರಮೀಳಾಳ ಕೈಯಲ್ಲಿ. ಪ್ರದರ್ಶನ ಹತ್ತಿರ ಬಂದಾಗ ತಾಯಂದಿರು ಗಾಬರಿಯಿಂದ ಓಡಿಬರುತ್ತಿದ್ದರು. ಪ್ರಮೀಳಾ ಥರ್ಮಾಕೋಲ್ ಕೊಯ್ದು, ಬಣ್ಣ ಬಳಿದು, ಅಂಚಿಗೆ ಬಂಗಾರದ ಕಾಗದ ಸುತ್ತಿ ಕೊಡುತ್ತಿದ್ದಳು. ಅವಳ ಜ್ವಾಲಾಮುಖಿಯ ಬುಡದಲ್ಲೂ ಒಂದು ತುಳಸಿಕಟ್ಟೆ ಇರುತ್ತಿತ್ತು. ಬರೀ ಬೆಂಕಿ ಕಣ್ಣಿಗೆ ಚೆಂದವಲ್ಲ ಎಂಬುದು ಅವಳ ನಂಬಿಕೆ.

ಹಿಂದಿನ ಬೀದಿಯ ಅನೀಸಾ ಅವಳ ಗೆಳತಿ. ಅನೀಸಾಳ ತಮ್ಮ ಮುಜಮ್ಮಿಲ್ ಚನ್ನಗಿರಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ. ಮದುವೆಯಾಗಿ, ಮಕ್ಕಳಾಗಿ, ಮೀಸೆಯಲ್ಲಿ ಒಂದೆರಡು ಬಿಳಿಕೂದಲು ಇಣುಕಿದ್ದರೂ ಭಾನುವಾರ ಮಧ್ಯಾಹ್ನ ಅವನು ಅಂಗಡಿಯ ಮೇಲಿನ ಕೋಣೆಯಲ್ಲಿ ಗೆಳೆಯರೊಂದಿಗೆ ಯುದ್ಧ ಮಾಡುತ್ತಿದ್ದ. ಹೆಬ್ಬೆರಳಿನ ಗಾತ್ರದ ಸೈನಿಕರನ್ನು ದೊಡ್ಡ ಮೇಜಿನ ಮೇಲೆ ನಿಲ್ಲಿಸುವುದು, ಟೇಪು ಹಿಡಿದು ದೂರ ಅಳೆಯುವುದು, ದಾಳ ಎಸೆಯುವುದು, ಬಿದ್ದ ಅಂಕಿಗೆ ತಕ್ಕಂತೆ ಸಾಯುವುದು. ಇದಕ್ಕೆ ದಪ್ಪನೆಯ ನಿಯಮದ ಪುಸ್ತಕವಿತ್ತು. ಸೈನಿಕರೂ ಇದ್ದರು. ಇಲ್ಲದ್ದು ರಣಭೂಮಿ.

"ಅಕ್ಕಾ, ನಮಗೊಂದು ಜೌಗು ನೆಲ ಮಾಡ್ಕೊಡ್ರಿ," ಎಂದು ಅವನು ಒಂದು ದಿನ ಬಂದು ಕೇಳಿದ. "ಮಧ್ಯದಾಗೆ ಮರದ ಹಲಗೀದು ಒಂದು ದೋಣಿಗಟ್ಟೆ. ನೋಡಿದ್ರೆ ಮೈ ಜುಮ್ ಅನ್ನಬೇಕು."

ಪ್ರಮೀಳಾ ಮೈ ಜುಮ್ ಅನ್ನುವಂಥದ್ದನ್ನೇ ಮಾಡಿದಳು. ಆಕಾಶನೀಲಿ ನೀರು, ಬಿಳಿ ತಾವರೆ, ಒಂದು ಜೋಡಿ ಬಾತುಕೋಳಿ. ಗೆರೆ ಹೊಡೆದಂತೆ ನೆಟ್ಟಗಿದ್ದ ಹಲಗೆಗಳು, ಎರಡೂ ಕಡೆ ಕಟಕಟೆ, ಮುಂದೆ ಸ್ವಾಗತ ಕಮಾನು. ನೋಡಲು ಬಂದ ಮುಜಮ್ಮಿಲ್ ಅದರ ಸುತ್ತ ಎರಡು ಸುತ್ತು ಬಂದ.

"ಚೆನ್ನಾಗೈತಕ್ಕಾ," ಎಂದ ಕೊನೆಗೆ. "ಬಾಳ ಚೆನ್ನಾಗೈತೆ. ಅದೇ ತೊಂದ್ರೆ."

"ಚೆನ್ನಾಗಿದ್ರೆ ಏನಪ್ಪಾ ತೊಂದ್ರೆ?"

"ಅಲ್ಲಿಗೆ ಯಾರೂ ಕಾಲಿಟ್ಟು ಎಷ್ಟೋ ವರ್ಷ ಆಗೈತೆ ಅನ್ನಂಗಿರಬೇಕು. ಹಲಗೆ ಕೊಳೆತಿರಬೇಕು. ನೀರು ಕೆಟ್ಟಿರಬೇಕು. ಕಾಲಿಟ್ರೆ ಮುರೀತೈತೇನೋ ಅಂತ ಹೆದರಿಕೆ ಆಗಬೇಕು."

"ಕೆಟ್ಟಿದ್ದು ಬೇಕಂದ್ರೆ ನನ್ನತ್ರ ಯಾಕ್ ಬಂದೆ?"

ಆ ದೋಣಿಗಟ್ಟೆಯನ್ನು ಮೇಲಿನ ಬೀದಿಯ ಜ್ಯೋತಿಲಕ್ಷ್ಮಿ ತನ್ನ ಮಗಳಿಗೆಂದು ಒಯ್ದು, 'ಜಲಸಾರಿಗೆ' ಎಂದು ಹೆಸರಿಟ್ಟು ಮೊದಲ ಬಹುಮಾನ ತಂದಳು. ಪ್ರಮೀಳಾಳಿಗೆ ಅದರಿಂದ ಸಮಾಧಾನವಾಗಲಿಲ್ಲ. ಕೆಲಸ ಕೆಟ್ಟದಾಗಿದೆ ಎಂದಿದ್ದರೆ ತಿದ್ದಬಹುದಿತ್ತು. ಚೆನ್ನಾಗಿರುವುದೇ ತಪ್ಪು ಎಂದವನಿಗೆ ಏನು ಹೇಳುವುದು? ಅವಳು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಮಲ್ಲೇಶಪ್ಪ ಉಪ್ಪಿನಕಾಯಿ ಕಲಸಿಕೊಂಡು ಉಂಡ.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಅವಳ ಕಣ್ಣು ಬಚ್ಚಲಮನೆಯ ಬಾಗಿಲಿನ ಬುಡದ ಮೇಲೆ ಬಿತ್ತು. ನೀರು ತಾಗಿ ತಾಗಿ ಮರ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಕೆಳಗೆ ಕಪ್ಪು, ಅದರ ಮೇಲೆ ಪಾಚಿಯ ಹಸಿರು, ಇನ್ನೂ ಮೇಲೆ ಒಣಗಿದ ಬೂದಿಬಣ್ಣ. ಈ ಬಾಗಿಲು ಬದಲಿಸಿ ಎಂದು ಅವಳು ಗಂಡನಿಗೆ ಹೇಳಿ ಹೇಳಿ ಸೋತಿದ್ದಳು. ಈಗ ಟವೆಲು ಹೆಗಲಿಗೆ ಹಾಕಿಕೊಂಡೇ ಮಣೆ ಎಳೆದು ಬಾಗಿಲಿನ ಮುಂದೆ ಕೂತಳು.

ಹೆಂಡತಿಯ ಮುನಿಸಿಗೆ ಈ ಬಾಗಿಲೇ ಕಾರಣವೆಂದು ಮಲ್ಲೇಶಪ್ಪನಿಗೆ ಖಾತ್ರಿಯಾಯಿತು. ಅಂದೇ ಬಡಗಿ ಗೌಸ್‌ಪೀರ್‌ನನ್ನು ಕರೆತಂದ. ಪ್ರಮೀಳಾ ಬಾಗಿಲಿಗೆ ಅಡ್ಡ ನಿಂತಳು.

"ಇದನ್ನ ಮುಟ್ಟಬ್ಯಾಡ್ರಿ!"

"ನೀನೇ ಅಲ್ಲೇನೇ ಇಷ್ಟು ವರ್ಷ ಬಾಯಿ ಬಡ್ಕಂಡಿದ್ದು?"

"ಆಗ ನಂಗೆ ಗೊತ್ತಿರಲಿಲ್ಲ. ಎಷ್ಟು ಚೆನ್ನಾಗಿ ಕೊಳೆತೈತೆ ನೋಡ್ರಿ."

ಗೌಸ್‌ಪೀರ್ ಅವಳನ್ನೊಮ್ಮೆ, ಮಲ್ಲೇಶಪ್ಪನನ್ನೊಮ್ಮೆ ನೋಡಿ, ಚಹಾ ಕುಡಿದು ಹೋದ.

ಆಮೇಲೆ ಪ್ರಮೀಳಾ ಊರಲ್ಲಿ ಕೊಳೆತದ್ದನ್ನೆಲ್ಲ ಹುಡುಕಿಕೊಂಡು ತಿರುಗಿದಳು. ಚರಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀರಿನ ಮೇಲಿನ ಕೆನೆ ನೋಡುತ್ತಿದ್ದವಳನ್ನು ಕಂಡು, "ಏನಾರ ಬಿದ್ದೋತಾ ಪ್ರಮೀಳಮ್ಮ?" ಎಂದು ಕೇಳಿದವರೆಷ್ಟೋ ಮಂದಿ. ಕಿವಿಯೋಲೆ ಎಂದು ಹೇಳಿ ಪಾರಾದಳು. ಪಾಪ, ಇಬ್ಬರು ಹೆಂಗಸರು ಹುಡುಕಲೂ ಕೂತರು.

ಮನೆಯಲ್ಲಿ ಅವಳು ಐಸ್‌ಕ್ರೀಂ ಕಡ್ಡಿಗಳನ್ನು ತಂತಿ ಬ್ರಷ್ಷಿನಿಂದ ಕೆರೆದು ಎಳೆ ಎಬ್ಬಿಸಿದಳು. ತುದಿಗಳನ್ನು ಹಲ್ಲಿನಿಂದ ಕಚ್ಚಿ ಮುರಿದಳು. ಚಹಾದ ಡಿಕಾಕ್ಷನ್ನಿನಲ್ಲಿ ನೆನೆಹಾಕಿ, ಕಂದುಬಣ್ಣವನ್ನು ನೀರು ಮಾಡಿ ಹರಿಸಿ, ಒಣಗಿದ ಮೇಲೆ ಒಣಕುಂಚದಿಂದ ಬೂದಿಬಣ್ಣ ಸವರಿದಳು. ಸೋಸಿದ ಚಹಾಪುಡಿಗೆ ಹಸಿರು ಕಲಸಿ ಪಾಚಿ ಮಾಡಿದಳು. ತೆಂಗಿನ ನಾರು ಬಳ್ಳಿಯಾಗಿ ಜೋತುಬಿತ್ತು. ಕೊನೆಗೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ನಿಗೆ ಕೆಸರಿನ ಬಣ್ಣ ಬೆರೆಸಿ ಸುರಿದಾಗ ಒಳಗೆ ಗುಳ್ಳೆಗಳು ಉಳಿದವು. ಹಿಂದಿನ ಪ್ರಮೀಳಾ ಆಗಿದ್ದರೆ ಸೂಜಿ ಹಿಡಿದು ಒಂದೊಂದನ್ನೂ ಒಡೆಯುತ್ತಿದ್ದಳು. ಈಗ ಕೆಟ್ಟ ನೀರು ಉಸಿರಾಡುತ್ತಿದೆ ಎಂದುಕೊಂಡು ಹಿಗ್ಗಿದಳು.

ಒಂದು ವಿಷಯದಲ್ಲಿ ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ. ಬಿದಿರಿನ ಕಂಬಗಳ ಒಳಗೆ, ಹೊರಗೆ ಕಾಣದಂತೆ, ಸೈಕಲ್ ಚಕ್ರದ ಕಡ್ಡಿ ತೂರಿಸಿದಳು. ಬೀಳುವಂತೆ ಕಾಣಲಿ, ಬೀಳುವುದು ಬೇಡ.

ಮುಜಮ್ಮಿಲ್ ಹೊಸ ಕಟ್ಟೆಯ ಫೋಟೋ ನೋಡಿ, ಆಟಕ್ಕೆ ಅವಳೇ ಬರಬೇಕೆಂದು ಹಟ ಹಿಡಿದ. ಭಾನುವಾರ ಗಂಡಹೆಂಡತಿ ಹೊನ್ನಾಳಿಗೆ ಬಂದು ಚನ್ನಗಿರಿ ಬಸ್ಸು ಹತ್ತಿದರು. ಪ್ರಮೀಳಾಳ ತೊಡೆಯ ಮೇಲೆ ರಟ್ಟಿನ ಡಬ್ಬ. "ಬರ್ತ್‌ಡೇ ಕೇಕಾ?" ಎಂದು ಪಕ್ಕದ ಸೀಟಿನವರು ಕೇಳಿದರು. "ಕೊಳೆತ ಕಟ್ಟೆ," ಎಂದ ಮಲ್ಲೇಶಪ್ಪ. ಅವರು ಕಿಟಕಿಯ ಕಡೆ ತಿರುಗಿದರು.

ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ದೋಣಿಗಟ್ಟೆಯನ್ನು ಮೇಜಿನ ನಡುವೆ ಇಟ್ಟಾಗ ಎಲ್ಲರೂ ಬಗ್ಗಿದರು. ಜಗಳೂರಿನಿಂದ ಬಂದಿದ್ದ ವಕೀಲ ಸಿದ್ದಲಿಂಗೇಶ್ ಮೂಗು ತಾಗಿಸಿ, "ವಾಸನೆ ಬಂದಂಗಾಗ್ತೈತೆ ಮೇಡಂ," ಎಂದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳು ಕೇಳಿರಲಿಲ್ಲ.

ಆಟ ಶುರುವಾಯಿತು. ಮುಜಮ್ಮಿಲ್‌ನ ಹಳ್ಳಿಗರು ಕಟ್ಟೆಯ ಮೇಲೆ ನಿಂತರು. ಸಿದ್ದಲಿಂಗೇಶನದು ಮೊಸಳೆ ಮುಖದ ಒಂದು ಭಾರೀ ಪ್ರಾಣಿ. ಚಹಾ ಬರುವಷ್ಟರಲ್ಲಿ ಅದು ಜೌಗಿನಲ್ಲಿ ತೆವಳಿ ಬಂದು ಕಟ್ಟೆಗೆ ಗುದ್ದಿತು. ಸಿದ್ದಲಿಂಗೇಶ್ ದಾಳ ಎಸೆದ. ನಾಲ್ಕು ಬಿತ್ತು.

"ಹೋತು ಕಟ್ಟೆ," ಎಂದು ಅವನು ದೋಣಿಗಟ್ಟೆಯನ್ನು ಎತ್ತಿ ಕುರ್ಚಿಯ ಕೆಳಗಿಡಲು ಹೊರಟ.

"ಎತ್ತಬ್ಯಾಡ್ರಿ!" ಪ್ರಮೀಳಾ ಎದ್ದುನಿಂತಳು. "ಎಲ್ಲಿ ಮುರಿದೈತೆ, ತೋರಿಸ್ರಿ."

ಮುಜಮ್ಮಿಲ್ ನಿಯಮ ವಿವರಿಸಿದ. ಗಟ್ಟಿ ಕಟ್ಟಡವಾದರೆ ಆರು ಬಿದ್ದರೆ ಮಾತ್ರ ನಾಶ. ಶಿಥಿಲವಾಗಿದ್ದರೆ ಮೂರೋ ಅದಕ್ಕಿಂತ ಹೆಚ್ಚೋ ಬಿದ್ದರೆ ಸಾಕು.

"ಮೊದ್ಲು ಮಾಡಿದ್ನಲ್ಲ, ಕಮಾನು ಇದ್ದಿದ್ದು. ಅದಾಗಿದ್ರೆ?"

ಮುಜಮ್ಮಿಲ್ ಕನ್ನಡಕ ತೆಗೆದು ಒರೆಸತೊಡಗಿದ. "ಅದು ಉಳೀತಿತ್ತಕ್ಕಾ."

ಅಷ್ಟು ಹೊತ್ತು ಮೂಲೆಯಲ್ಲಿ ಆಕಳಿಸುತ್ತಿದ್ದ ಮಲ್ಲೇಶಪ್ಪ ಸರಕ್ಕನೆ ಮೇಜಿಗೆ ಬಂದ. "ಯಾವೋನ್ರೀ ಶಿಥಿಲ ಅಂದೋನು? ಒಳಗೆ ಸೈಕಲ್ ಕಡ್ಡಿ ಐತೆ. ಬೇಕಾದ್ರೆ ಅಲ್ಲಾಡಿಸಿ ನೋಡ್ರಿ."

"ಸಾರ್, ಒಳಗೇನೈತೆ ಅಂತ ಮೊಸಳೆಗೆ ಹೆಂಗೆ ಗೊತ್ತಾಗಬೇಕು?" ಎಂದ ವಕೀಲ. "ಕಣ್ಣಿಗೆ ಕಂಡಿದ್ದೇ ಸಾಕ್ಷಿ."

"ಕಣ್ಣಿಗೆ ಕಾಣದಿದ್ರೂ ಗುದ್ದಿದ್ರೆ ಗೊತ್ತಾಗ್ತೈತಲ್ರೀ!"

ವಾದ ಜೋರಾಯಿತು. ಮಲ್ಲೇಶಪ್ಪ ಒಂದೊಂದೇ ಕಂಬವನ್ನು ಬೆರಳಲ್ಲಿ ತಟ್ಟಿ ಕೇಳಿಸಿದ. ಹೆಂಡತಿಯ ಕೈಕೆಲಸದ ಪರವಾಗಿ ಗಂಡ ಹೀಗೆ ಕೂಗಾಡಿದ್ದನ್ನು ಪ್ರಮೀಳಾ ಇದೇ ಮೊದಲು ನೋಡುತ್ತಿದ್ದಳು. ಕಟ್ಟೆ ಉಳಿಯದಿದ್ದರೂ ಪರವಾಗಿಲ್ಲ ಅನ್ನಿಸುವಷ್ಟು ಅವಳಿಗೆ ಒಳಗೊಳಗೇ ಖುಷಿಯಾಯಿತು. ಕೊನೆಗೆ ಸಿದ್ದಲಿಂಗೇಶ್ ಕೈಮುಗಿದ. "ಆಯ್ತು, ಗಟ್ಟಿ ಅಂತಲೇ ಇಟ್ಕಳಾಣ. ಆದ್ರೆ ನನ್ನ ನಾಲ್ಕು ಲೆಕ್ಕಕ್ಕಿಲ್ಲ, ದಾಳ ಮೇಡಂ ಅವರೇ ಹೊಸದಾಗಿ ಎಸೀಲಿ. ಆರು ಬಿದ್ರೆ ಮಾತ್ರ ಹೋತು."

ಪ್ರಮೀಳಾ ದಾಳವನ್ನು ಎರಡೂ ಅಂಗೈಯಲ್ಲಿ ಕುಲುಕಿ, ಕಣ್ಣುಮುಚ್ಚಿ ಬಿಟ್ಟಳು.

ಆರು.

"ಕೈ ಜಾರ್ತು. ಇನ್ನೊಂದ್ಸಲ," ಎಂದ ಮಲ್ಲೇಶಪ್ಪ.

"ಬ್ಯಾಡ, ಸುಮ್ನಿರ್ರಿ." ಅವಳೇ ಹಳ್ಳಿಗರನ್ನು ಒಬ್ಬೊಬ್ಬರಾಗಿ ಇಳಿಸಿ, ದೋಣಿಗಟ್ಟೆಯನ್ನು ಎತ್ತಿ ಡಬ್ಬದಲ್ಲಿಟ್ಟಳು. ದುಃಖವಾಗಬೇಕಿತ್ತು. ಆದರೆ ಮೇಜಿನ ನಡುವೆ ಖಾಲಿಯಾದ ಜಾಗವನ್ನು ನೋಡುತ್ತ ಅವಳ ಹುಬ್ಬು ಗಂಟಿಕ್ಕಿತು.

"ಹಿಂಗೇ ಬಿಟ್ರೆ ಹೆಂಗೆ? ಕಟ್ಟೆ ಮುರಿದ್ರೆ ಏನೂ ಉಳಿಯಲ್ವಾ? ಕಂಬದ ಮೋಟು ಇರ್ತಾವೆ. ಹಲಗೆ ತೇಲ್ತಿರ್ತಾವೆ. ಕೆಸರು ಕದಡಿರ್ತೈತೆ."

ಗಂಡಸರು ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷ ಎಷ್ಟೋ ಕೋಟೆ ಕೆಡವಿದ್ದ ಅವರಿಗೆ ಈ ಯೋಚನೆಯೇ ಬಂದಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ, ಮುರಿದ ಕಂಬದ ಸೀಳು ಹೇಗಿರಬೇಕೆಂದು ಯೋಚಿಸುತ್ತಿದ್ದಳು. ಮುರಿದ ಕೂಡಲೇ ಒಳಗಿನ ಮರ ಹಸಿಯಾಗಿ, ತಿಳಿಬಣ್ಣದಲ್ಲಿ ಕಾಣಬೇಕಲ್ಲವೆ? ಮಲ್ಲೇಶಪ್ಪ ಅವಳ ಕಡೆ ವಾಲಿ ಕೇಳಿದ:

"ಆ ಮೊಸಳೆ ದಾಳದಾಗೆ ಎಷ್ಟು ಬಿದ್ರೆ ಸಾಯ್ತೈತಂತೆ?"

"ನಾನು ಕೇಳಲಿಲ್ಲ."

"ಕೇಳಬೇಕಿತ್ತು," ಎಂದವನು ಜೇಬಿನಿಂದ ಫೋನು ತೆಗೆದು ಮುಜಮ್ಮಿಲ್‌ಗೆ ಹಚ್ಚಿದ.