ಮೊದಲ ಏಳು ದಿನ

ಸರಕು ಬಿಡಿಸಿಕೊಳ್ಳಲು ಬೇಕಾದ ಹಡಗಿನ ಕಾಗದ ಶಿಕಾರಿಪುರಕ್ಕೆ ಬಂದದ್ದು ಆಷಾಢದ ಹುಣ್ಣಿಮೆಗೆ ಹತ್ತು ದಿನ ಮುಂಚೆ. ಸದಾಶಿವಪ್ಪ ಅದನ್ನು ಬಿಚ್ಚಿಯೂ ನೋಡದೆ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗಿಟ್ಟು ಕೈಮುಗಿದರು. ಮೂವತ್ತು ವರ್ಷ ಅಕ್ಕಿ ಗಿರಣಿ ನಡೆಸಿದವರು. ಆಷಾಢದಲ್ಲಿ ಹೊಸ ತಕ್ಕಡಿಯನ್ನೂ ಒಳಗೆ ತಂದವರಲ್ಲ.

ತೈವಾನಿನಿಂದ ಅಕ್ಕಿ ಪಾಲಿಶ್ ಯಂತ್ರ ತರಿಸುವ ಮಾತು ಎತ್ತಿದ್ದು ಸೊಸೆ ಗಂಗಾಶ್ರೀ. ಸೊರಬದ ವ್ಯಾಪಾರಿಯ ಮಗಳು, ಬಿ.ಕಾಂ. ಓದಿದವಳು. ನುಚ್ಚು ಕಡಿಮೆಯಾಗುತ್ತದೆ ಎಂದು ಮೂರು ತಿಂಗಳು ಹೇಳಿ ಹೇಳಿ ಒಪ್ಪಿಸಿದ್ದಳು. ಈ ಯಂತ್ರದಲ್ಲಿ ನಷ್ಟವಾದರೆ ಇನ್ನು ಅವಳ ಮಾತು ಅಡುಗೆಮನೆ ದಾಟುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಅತ್ತೆ ರಾಜೇಶ್ವರಮ್ಮನಿಗೂ ಗೊತ್ತಿತ್ತು.

ಮರುದಿನ ಗಂಗಾಶ್ರೀಗೆ ಮದ್ರಾಸಿನಿಂದ ಉಚ್ಚಂಗಪ್ಪನ ಫೋನು ಬಂತು. ದಾವಣಗೆರೆ ಕಡೆಯವನು, ಬಂದರಿನಲ್ಲಿ ಜನರ ಸರಕು ಬಿಡಿಸಿಕೊಡುವುದು ಅವನ ಕಸುಬು.

“ಅಕ್ಕಾರೆ, ಹಡಗು ಹುಣ್ಣಿಮೆಗೆ ಬರ್ತೈತಿ. ಇಳಿಸಿದ ಮ್ಯಾಲೆ ಕಂಟೇನರಿಗೆ ಏಳು ದಿನ ಪುಗಸಟ್ಟೆ. ಎಂಟನೇ ದಿನದಿಂದ ಬಾಡಿಗಿ. ವಾರ ಕಳೆದಂಗ ಡಬಲ್. ಕಾಗದದ ಹಿಂದ ಸಹಿ, ಸೀಲು ಹಾಕಿ ಈಗಲೇ ಕಳಿಸ್ರಿ. ಹಡಗು ಬರೋದ್ರೊಳಗ ಕಸ್ಟಮ್ಸಿಗೆ ಅರ್ಜಿ ಹಾಕಿರ್ತೀನಿ.”

“ಸಹಿ ಶ್ರಾವಣಕ್ಕೆ ಅಂತಾರೆ ಮಾವ.”

“ಕಂಟೇನರಿಗೆ ಆಷಾಢ ಗೊತ್ತಾಗಂಗಿಲ್ರಿ.”

ಗಿರಣಿಯಲ್ಲಿ ಸದಾಶಿವಪ್ಪ ಅಂಗೈಯಲ್ಲಿ ಭತ್ತ ತಿಕ್ಕಿ ನೋಡುತ್ತಿದ್ದರು. “ಇರಲಿ ಬಿಡು ಬಂದರದಾಗ. ಕಬ್ಬಿಣಕ್ಕೇನು ಮುಗ್ಗಲು ಹಿಡಿತೈತಾ? ನಮ್ಮ ಎಪಿಎಂಸಿ ಕಟ್ಟಿ ಮ್ಯಾಲೆ ವಾರಗಟ್ಟಲೆ ಮೂಟೆ ಬಿದ್ದಿರ್ತಾವ. ಯಾರರ ಕೇಳ್ಯಾರ?”

“ಅಲ್ಲಿ ಕೇಳ್ತಾರೆ ಮಾವ. ಹುಣ್ಣಿಮೆಯಿಂದ ಶ್ರಾವಣಕ್ಕೆ ಹದಿನೈದು ದಿನ. ಆಮೇಲೆ ಕಸ್ಟಮ್ಸ್ ಕೆಲಸ ಬೇರೆ. ಆ ಬಾಡಿಗೆ ದುಡ್ಡಲ್ಲಿ ಒಂದು ಮೋಟಾರ್ ಬರುತ್ತೆ.”

“ಆಷಾಢದಾಗ ಹೊಸದು ನಮ್ಮ ಹೊಸ್ತಿಲು ತುಳಿಯಂಗಿಲ್ಲ. ಮುಗೀತು.”

ಅಲ್ಲೇ ಮೂಟೆ ಎಣಿಸುತ್ತಿದ್ದ ಗಂಡ ರಾಜಕುಮಾರ್ ಎಣಿಕೆ ಮುಂದುವರಿಸಿದ. ಅವನ ಸಹಿಯೂ ನಡೆಯುತ್ತಿತ್ತು, ಆದರೆ ಅಪ್ಪ ಹೂಂ ಅನ್ನದೆ ಅವನು ಪೆನ್ನು ತೆಗೆದವನಲ್ಲ.

ಮೂರನೆಯ ದಿನ ಗಂಗಾಶ್ರೀ ಮಾವನಿಗೆ ರೊಟ್ಟಿ ಬಡಿಸುತ್ತ ಕೇಳಿದಳು: “ಮದುವೆಯಾದ ವರ್ಷ ಆಷಾಢದಲ್ಲಿ ನನ್ನನ್ನ ಎಲ್ಲಿಟ್ಟಿದ್ರಿ?”

“ಎಲ್ಲಿಡಾದು? ತವರಿಗೆ ಕಳಿಸಿದ್ವಿ.”

“ಯಂತ್ರನೂ ಅಲ್ಲೇ ಇರಲಿ. ಸೊರಬದಲ್ಲಿ ಅಪ್ಪಾಜಿ ಗೋಡೌನು ಖಾಲಿ ಇದೆ. ಶ್ರಾವಣಕ್ಕೆ ಕರ್ಕೊಂಡು ಬಂದ್ರಾಯ್ತು.”

“ಅದಕ್ಕೂ ಉಡಿ ತುಂಬಬೇಕೇನ?” ಅಂದರು ರಾಜೇಶ್ವರಮ್ಮ ಒಲೆಯ ಮುಂದಿನಿಂದ.

ಸದಾಶಿವಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದರು. “ತುಳಿಯಾದು ನಮ್ಮ ಹೊಸ್ತಿಲಲ್ಲ ಅಂದಂಗಾತು. ಆದರೂ ಸಹಿಗೆ ನನ್ನ ಕೈ ಏಳಂಗಿಲ್ಲ.”

“ನಾನು ಹಾಕ್ತೀನಿ.”

“ನೀ ಹಾಕಿದ್ರ ನಡಿತೈತಾ?”

“ಪಾಲುದಾರಳಲ್ವಾ. ನೀವೇ ಬರೆಸಿದ್ರಲ್ಲ.”

ಬರೆಸಿದ್ದು ನಿಜ. ತೆರಿಗೆಗೆ ಅನುಕೂಲ ಎಂದು ಆಡಿಟರು ಹೇಳಿದ್ದಕ್ಕೆ ನಾಲ್ಕು ವರ್ಷದ ಹಿಂದೆ ಗಿರಣಿಯ ಪತ್ರದಲ್ಲಿ ಸೊಸೆಯ ಹೆಸರು ಸೇರಿಸಿದ್ದರು. ಆ ಹೆಸರಿಗೆ ಕೈಯೂ ಇದೆ ಎಂದು ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ಸದಾಶಿವಪ್ಪ ಕೈ ತೊಳೆದು, ಗೂಡಿನಿಂದ ಕಾಗದ ತೆಗೆದು, ಗಿರಣಿಯ ಸೀಲಿನ ಜೊತೆ ರೊಟ್ಟಿ ಬುಟ್ಟಿಯ ಪಕ್ಕ ಇಟ್ಟು ಎದ್ದು ಹೋದರು. ಗಂಗಾಶ್ರೀ ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಮೂಲೆಯಲ್ಲಿ ವಿಭೂತಿ ಮೆತ್ತಿಕೊಂಡಿದ್ದ ಕಾಗದ ಅಂದೇ ಶಿವಮೊಗ್ಗದಿಂದ ಕೊರಿಯರಿನಲ್ಲಿ ಹೋಯಿತು.

ಹಡಗು ಬಂದ ಮೂರನೆಯ ದಿನ ಉಚ್ಚಂಗಪ್ಪ ಕಂಟೇನರನ್ನು ಬಂದರಿನಲ್ಲೇ ಖಾಲಿ ಮಾಡಿಸಿ, ಯಂತ್ರವನ್ನು ಮಾತ್ರ ಲಾರಿಗೇರಿಸಿದ. ಬಾಡಿಗೆ ಒಂದು ಪೈಸೆಯೂ ಬೀಳಲಿಲ್ಲ. ಲಾರಿ ಶಿಕಾರಿಪುರದ ಗಡಿ ತುಳಿಯಬಾರದೆಂದು ಸದಾಶಿವಪ್ಪ ಸಾಗರ ಪಟ್ಟಣದ ಮೇಲೆ ಸುತ್ತಿಸಿ ಸೊರಬ ಮುಟ್ಟಿಸಿದರು. ಹೆಚ್ಚಿನ ಡೀಸೆಲಿನ ದುಡ್ಡು ತಾವೇ ಕೊಟ್ಟರು.

ಯಂತ್ರ ಹನ್ನೊಂದು ದಿನ ತವರಿನಲ್ಲಿತ್ತು. ಶ್ರಾವಣ ಹುಟ್ಟುತ್ತಲೇ ಮಾವ, ಸೊಸೆ ತೆಂಗಿನಕಾಯಿ ಹಿಡಿದು ಸೊರಬಕ್ಕೆ ಹೋದರು. ಯಂತ್ರ ಲಾರಿಗೆ ಏರಿದ ಮೇಲೆ ಗಂಗಾಶ್ರೀಯ ಅಪ್ಪ ರಾಜಪ್ಪ ಜೇಬಿನಿಂದ ಒಂದು ಚೀಟಿ ತೆಗೆದರು.

“ಗೋಡೌನ್ ಬಾಡಿಗೆ, ಹನ್ನೊಂದು ದಿನದ್ದು. ಬೀಗರು ಬೇಜಾರು ಮಾಡ್ಕಬಾರ್ದು. ಗೊಬ್ಬರದ ಅಂಗಡಿಯೋರು ಕೇಳಕ್ಕೆ ಬಂದಿದ್ರು, ಜಾಗ ಇಲ್ಲ ಅಂತ ವಾಪಸ್ ಕಳ್ಸಿದೀನಿ.”

ಸದಾಶಿವಪ್ಪ ಚೀಟಿ ಮುಟ್ಟಲಿಲ್ಲ. “ಕಾಗದ ಪತ್ರ ಎಲ್ಲ ನಮ್ಮ ಪಾಲುದಾರರನ್ನ ಕೇಳ್ರಿ,” ಎಂದು ಸೊಸೆಯ ಕಡೆ ಕೈ ತೋರಿಸಿದರು.

ಗಂಗಾಶ್ರೀ ಚೀಟಿ ಓದಿದಳು. ಅಪ್ಪನ ಜೇಬಿನಿಂದಲೇ ಪೆನ್ನು ತೆಗೆದು ಹನ್ನೊಂದನ್ನು ಹೊಡೆದು ನಾಲ್ಕು ಎಂದು ಬರೆದಳು.

“ಎಂತದೇ ಇದು?”

“ಮೊದಲ ಏಳು ದಿನ ಬಾಡಿಗೆ ಇಲ್ಲ ಅಪ್ಪಾಜಿ.”

“ಯಾವೂರ ಕಾನೂನು?”

“ಮದ್ರಾಸಿಂದು.”

ಕೆಳಗೆ ಸಹಿ ಹಾಕಿ, ನಾಲ್ಕು ದಿನದ ದುಡ್ಡು ಎಣಿಸಿ ಕೊಟ್ಟಳು. ರಾಜಪ್ಪ ಇನ್ನೊಮ್ಮೆ ಎಣಿಸಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಅವಳು ಲಾರಿಯ ಕಡೆ ಹೊರಟಾಗ ಹಿಂದಿನಿಂದ ಕರೆದರು:

“ಪೆನ್ನು ಕೊಟ್ಟು ಹೋಗು.”