ಡ್ರಮ್ಮಿನ ಮೇಲಿನ ಮೈಕು

ಬರ್ಮಿಂಗ್‌ಹ್ಯಾಮ್‌ನ ಈ ಕಲಾ ಸಂಗ್ರಹಾಲಯಕ್ಕೆ ಬರಲು ನನಗೆ ಸುತರಾಂ ಮನಸ್ಸಿರಲಿಲ್ಲ. ರಾಕ್ ಸಂಗೀತದ ಪ್ರದರ್ಶನವಂತೆ. ನನ್ನ ಗಂಡ ಇದ್ದ ತಂಡದ ಹಳೆಯ ವ್ಯಾನಿನ ತುಕ್ಕು ಹಿಡಿದ ಬಾಗಿಲನ್ನು ಗೋಡೆಗೆ ನೇತುಹಾಕಿ, ಮೇಲಿಂದ ದೀಪದ ಬೆಳಕು ಬಿಟ್ಟಿದ್ದಾರೆ. ಆ ಬಾಗಿಲು ಸರಿಯಾಗಿ ಮುಚ್ಚದೆ, ಕೋವೆಂಟ್ರಿ ರಸ್ತೆಯುದ್ದಕ್ಕೂ ಅದನ್ನು ಎಳೆದು ಹಿಡಿದುಕೊಂಡು ಕೂತವಳು ನಾನು. ಈಗ ಅದು ಕಲೆಯಂತೆ!

"ಅಮ್ಮಾ, ಒಂದು ಕಡೆ ನಿಲ್ಲೇ. ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದಳು ಮಗಳು ರೋವೆನಾ.

ನಿಲ್ಲುವುದು ಹೇಗೆ? ಅವಳು ಬಂದದ್ದು ಅಪ್ಪನ ದನಿ ಕೇಳಲು. ನನ್ನ ಗಂಡ ನೆವಿಲ್ ಆ ತಂಡದ ಡ್ರಮ್ಮರ್. ಇವಳು ಹೊಟ್ಟೆಯಲ್ಲಿರುವಾಗಲೇ ಅಪಘಾತದಲ್ಲಿ ಹೋದ. ಫೋಟೋಗಳಿವೆ, ಹಾಡುಗಳಿವೆ, ಅವನ ಮಾತು ಮಾತ್ರ ಎಲ್ಲೂ ಉಳಿದಿಲ್ಲ. ಇಲ್ಲೊಂದು ಕೋಣೆಯಲ್ಲಿ ಸ್ಟುಡಿಯೋದ ಮೂಲ ಟೇಪನ್ನು ಕತ್ತರಿಸದೆ ಇಟ್ಟಿದ್ದಾರೆ, ಗುಂಡಿ ಸರಿಸಿ ಒಂದೊಂದೇ ವಾದ್ಯವನ್ನು ಬೇರೆಯಾಗಿ ಕೇಳಬಹುದು ಎಂದು ಅವಳು ಎಲ್ಲೋ ಓದಿದ್ದಳು.

"ಹಾಡು ಶುರು ಮಾಡೋಕೆ ಡ್ರಮ್ಮರ್ ಒನ್, ಟೂ, ತ್ರೀ, ಫೋರ್ ಅಂತ ಕೂಗ್ತಾನಲ್ಲ, ಅದು ಇದ್ದೇ ಇರತ್ತೆ."

"ನಿಮ್ಮಪ್ಪ ಕೂಗ್ತಿರ್ಲಿಲ್ಲ ಕಣೇ. ಉಗ್ಗುತ್ತಿದ್ದ, ಗೊತ್ತಲ್ಲ? ಇವನು 'ಒನ್' ಅನ್ನೋಷ್ಟರಲ್ಲಿ ಉಳಿದವರ ಹಾಡೇ ಮುಗ್ದಿರೋದು. ಕೋಲು ಕುಟ್ಟಿ ಲೆಕ್ಕ ಕೊಡ್ತಿದ್ದ. ನಡಿ, ಟೀ ಕುಡಿಯೋಣ."

"ನೀನು ಕುಡಿ ಹೋಗು."

ಹೋಗಲಿಲ್ಲ. ನಲವತ್ತು ದಾಟಿದ ಮಗಳು ಎಲ್ಲರೆದುರು ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ, ಅವಳನ್ನು ಬಿಟ್ಟುಹೋಗುವ ಧೈರ್ಯವೂ ಇರಲಿಲ್ಲ.

ಆ ಕೋಣೆಗೆ ಹೋದೊಡನೆ ರೋವೆನಾ ಉಳಿದ ಗುಂಡಿಗಳನ್ನೆಲ್ಲ ಕೆಳಗೆಳೆದು ಡ್ರಮ್ಮಿನದನ್ನು ಮಾತ್ರ ಮೇಲಕ್ಕೆ ತಳ್ಳಿದಳು. ಟಕ್, ಟಕ್, ಟಕ್, ಟಕ್. ಕೋಲಿನ ಸದ್ದು. ಆಮೇಲೆ ಡ್ರಮ್ಮು. ಅವಳ ಮುಖ ಬಾಡಿತು.

"ಅಷ್ಟೇನಾ?"

"ಅಷ್ಟೇ. ಬಾ" ಎಂದು ಅವಳ ತೋಳು ಹಿಡಿದೆ.

ಆಗ ಆ ಬಡಿತದ ಹಿಂದೆ ಯಾರೋ ಹಾಡುವುದು ಕೇಳಿಸಿತು. ಅಂದು ಸ್ಟುಡಿಯೋದಲ್ಲಿ ಡ್ರಮ್ಮಿನ ಮೇಲೆ ತೂಗುಬಿಟ್ಟಿದ್ದ ಮೈಕು ಹಿಡಿದಿಟ್ಟದ್ದು; ಗಿಟಾರಿನ ಗದ್ದಲದಲ್ಲಿ ಇಷ್ಟು ವರ್ಷ ಮುಚ್ಚಿಹೋಗಿತ್ತು. ಶ್ರುತಿ ಎಲ್ಲೋ, ಹಾಡುವವನು ಎಲ್ಲೋ.

"ಅಮ್ಮಾ, ಯಾರಿದು?"

ಪಕ್ಕದಲ್ಲಿದ್ದ ಉದ್ದಕೂದಲಿನ ಗಂಡಸು ಗಿಟಾರಿನ ಗುಂಡಿಗೆ ಕೈಹಾಕಿದ. "ಸರಿಸಿದ್ರೆ ನೋಡು!" ಎಂದು ಆ ಕೈಗೆ ಹೊಡೆದೇಬಿಟ್ಟೆ. ಪಾಪ, ಹೌಹಾರಿ ಹಿಂದೆ ಸರಿದ.

"ನಿಮ್ಮಪ್ಪ" ಎಂದೆ.

ರೋವೆನಾ ಸ್ಪೀಕರಿಗೆ ಕಿವಿ ಆನಿಸಿ, ನಗುತ್ತಲೇ ಅಳತೊಡಗಿದಳು. "ಎಲ್ಲೂ ಉಗ್ಗುತ್ತಾನೇ ಇಲ್ಲ, ಅಮ್ಮಾ!"

ಇಲ್ಲ, ಒಂದು ಪದವೂ ತಡವರಿಸಲಿಲ್ಲ. ನನ್ನ ಹೆಸರು ಗ್ಲೆನಿಸ್. ಆ ಮೊದಲ ಅಕ್ಷರ ದಾಟಲಾಗದೆ ನನ್ನನ್ನು ಕೈಸನ್ನೆಯಲ್ಲೇ ಕರೆಯುತ್ತಿದ್ದವನು ಇವನು. ನನ್ನೆದುರು ಒಂದು ದಿನವೂ ಹಾಡಲಿಲ್ಲ, ಹಾಳಾದವನು. ಡ್ರಮ್ಮಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಹಾಡು ಮುಗಿಯಿತು. "ಇನ್ನೊಂದ್ಸಲ ಹಾಕು" ಎಂದು ನೆಲದ ಮೇಲೆ ಕುಳಿತುಬಿಟ್ಟೆ.